ಮೈಸೂರಿನಲ್ಲಿ ಹಳೆಯ ಸ್ಪೋರ್ಟ್ಸ್ ಕೂಪೆ: ರಿಪೇರಿ, ಖರ್ಚು, ನನ್ನ ಅನುಭವ

ಸೆಕೆಂಡ್ ಹ್ಯಾಂಡ್ ಐಷಾರಾಮಿ ಕಾರಿನ ಬೆಲೆ ವರ್ಷದಿಂದ ವರ್ಷಕ್ಕೆ ಇಳಿಯುತ್ತದೆ. ಪಾರ್ಟ್‌ಗಳ ಬೆಲೆ ಇಳಿಯುವುದಿಲ್ಲ. ಹೊಸದರಲ್ಲಿ ಅರ್ಧ ಕೋಟಿ ಇದ್ದ ಎರಡು ಬಾಗಿಲಿನ ಕೂಪೆ ಇವತ್ತು ಹೊಸ ಹ್ಯಾಚ್‌ಬ್ಯಾಕ್ ದುಡ್ಡಿಗೆ ಸಿಗಬಹುದು. ಆದರೆ ಅದಕ್ಕೆ ಒಂದು ವಾಟರ್ ಪಂಪ್ ಕೇಳಿ ನೋಡಿ, ಹೇಳುವುದು ಅರ್ಧ ಕೋಟಿ ಕಾರಿನ ರೇಟೇ. ಕೊಳ್ಳುವ ಮೊದಲು ಈ ಲೆಕ್ಕ ತಲೆಯಲ್ಲಿದ್ದರೆ ಸಾಕು, ಆಮೇಲೆ ಬರುವ ಬಿಲ್‌ಗಳು ಅಷ್ಟಾಗಿ ಹೆದರಿಸುವುದಿಲ್ಲ.

ನನ್ನದು ಜರ್ಮನಿಯ ಎರಡು ಬಾಗಿಲಿನ ಕಾರು. 2 ಲೀಟರ್ ಟರ್ಬೊ ಪೆಟ್ರೋಲ್ ಎಂಜಿನ್, ಎರಡು ಕ್ಲಚ್ ಇಟ್ಟುಕೊಂಡು ತಾನೇ ಗೇರ್ ಬದಲಿಸುವ ಆರು ಗೇರಿನ ಡ್ಯುಯಲ್ ಕ್ಲಚ್ ಗೇರ್‌ಬಾಕ್ಸ್. ಕಂಪನಿ ಹೆಸರು ಬೇಡ, ಇಂಥ ಕಾರುಗಳ ಕಾಯಿಲೆಗಳು ಹೆಚ್ಚುಕಡಿಮೆ ಒಂದೇ. ಓಡಿಸುವುದು ಮೈಸೂರಿನಲ್ಲಿ, ಆಗಾಗ ಮಂಡ್ಯ ಕಡೆಯ ನಮ್ಮೂರಿಗೆ. ಅಲ್ಲಿ ನಮ್ಮ ಮಾವ ಪ್ರತಿ ಸಲ ಬಾನೆಟ್ ಕಡೆ ನೋಡಿ, "ಏನ್ಲಾ, ಇಬ್ರು ಕೂರೋ ಕಾರಿಗೆ ಒಂದ್ ಟ್ರ್ಯಾಕ್ಟರ್ ದುಡ್ಡು ಸುರಿದಿದ್ದೀಯಲ್ಲ" ಅನ್ನುತ್ತಾರೆ. ಲೆಕ್ಕದಲ್ಲಿ ಅವರು ಹೇಳುವುದು ತಪ್ಪೇನಲ್ಲ.

ಈ ಕಾರಿಗೆ ನಾನು ಮೊದಲು ಕೊಂಡದ್ದು ಪಾರ್ಟ್ ಅಲ್ಲ, ಸ್ಕ್ಯಾನರ್. ಆ ಕಂಪನಿಯ ಕಾರುಗಳ ಒಳಗಿನ ಪುಟ್ಟ ಕಂಪ್ಯೂಟರ್‌ಗಳಾದ ಎಲ್ಲ ಕಂಟ್ರೋಲರ್‌ಗಳನ್ನೂ ಓದುವಂಥದ್ದು. ಸಾವಿರ ರೂಪಾಯಿಯ ಬ್ಲೂಟೂತ್ ಒಬಿಡಿ ಡಾಂಗಲ್ (ಕಾರಿನ ಸಾಕೆಟ್‌ಗೆ ಚುಚ್ಚುವ ಪುಟ್ಟ ಸಾಧನ) ಎಂಜಿನ್ನಿನ ದೋಷದ ಕೋಡ್ ಮಾತ್ರ ತೋರಿಸುತ್ತದೆ. ಗೇರ್‌ಬಾಕ್ಸ್, ಬಾಗಿಲು, ಸಸ್ಪೆನ್ಷನ್ ಬೇಕೆಂದರೆ ಇನ್ನಷ್ಟು ಖರ್ಚು ಮಾಡಬೇಕು. ಆ ದುಡ್ಡು ಮೊದಲ ತೊಂದರೆಯಲ್ಲೇ ವಾಪಸ್ ಬಂತು.

ಆ ತೊಂದರೆ ಮಿಸ್‌ಫೈರ್, ಅಂದರೆ ಒಂದು ಸಿಲಿಂಡರ್‌ನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯದಿರುವುದು. ಗಾಡಿ ನಡುಗುತ್ತಿತ್ತು, ಎಂಜಿನ್ ಲೈಟ್ ಮಿನುಗುತ್ತಿತ್ತು. ಮಿನುಗುವ ಲೈಟ್ ಅಂದರೆ ನಿಲ್ಲಿಸಿ ಅಂತ ಅರ್ಥ. ಉರಿಯದ ಪೆಟ್ರೋಲ್ ಹೊಗೆ ಶುದ್ಧ ಮಾಡುವ ಕೆಟಲಿಟಿಕ್ ಕನ್ವರ್ಟರ್‌ಗೆ ಹೋಗಿ ಅದನ್ನೇ ಸುಡುತ್ತದೆ, ಆಗ ಬಿಲ್ ಲಕ್ಷ ದಾಟುತ್ತದೆ. ಕೋಡ್ ಪಿ0302, ಅಂದರೆ ಎರಡನೇ ಸಿಲಿಂಡರ್. ಪ್ಲಗ್‌ಗೆ ಕಿಡಿಯ ಕರೆಂಟ್ ಕೊಡುವ ಎರಡನೇ ಕಾಯಿಲ್ ತೆಗೆದು ಮೂರನೆಯದಕ್ಕೆ ಹಾಕಿದೆ, ಮೂರನೆಯದನ್ನು ಎರಡಕ್ಕೆ. ಕೋಡ್ ಅಳಿಸಿ ಸ್ಟಾರ್ಟ್ ಮಾಡಿದಾಗ ಪಿ0303 ಬಂತು. ಕಾಯಿಲ್ ಜೊತೆ ಕೋಡೂ ಜಾಗ ಬದಲಿಸಿದರೆ ತಪ್ಪು ಕಾಯಿಲ್‌ದೇ. ಅಲ್ಲೇ ನಿಂತಿದ್ದರೆ ಪ್ಲಗ್ ನೋಡಬೇಕು, ಆಮೇಲೆ ಇಂಜೆಕ್ಟರ್, ಆಮೇಲೆ ಕಂಪ್ರೆಷನ್. ಒಂದು ಕಾಯಿಲ್‌ಗೆ ಸುಮಾರು 4,000 ರೂಪಾಯಿ. ಒಂದು ಹೋದರೆ ಉಳಿದವೂ ಅದೇ ವಯಸ್ಸಿನವು, ಹಾಗಾಗಿ ನಾಲ್ಕನ್ನೂ ಬದಲಿಸಿ ಚೆನ್ನಾಗಿದ್ದ ಹಳೆಯ ಒಂದನ್ನು ಡಿಕ್ಕಿಯಲ್ಲಿ ಇಟ್ಟಿದ್ದೇನೆ.

ಎಂಜಿನ್ ತಂಪಾಗಿಡುವ ದ್ರವದ, ಅಂದರೆ ಕೂಲೆಂಟ್ ವಿಷಯ ಸ್ವಲ್ಪ ಉದ್ದ. ಇಂಥ ಎಂಜಿನ್‌ಗಳಲ್ಲಿ ವಾಟರ್ ಪಂಪ್, ಥರ್ಮೋಸ್ಟ್ಯಾಟ್ ಎರಡೂ ಒಂದೇ ಪ್ಲಾಸ್ಟಿಕ್ ಹೌಸಿಂಗ್‌ನಲ್ಲಿ ಇರುತ್ತವೆ. ಬಿಸಿ, ತಂಪು, ಮತ್ತೆ ಬಿಸಿ. ವರ್ಷಗಟ್ಟಲೆ ಹೀಗಾದರೆ ಪ್ಲಾಸ್ಟಿಕ್ ಸೊಟ್ಟಗಾಗಿ ಸೀಲಿನ ಹತ್ತಿರ ಜಿನುಗುತ್ತದೆ. ನೆಲದ ಮೇಲೆ ಹನಿ ಬೀಳುವುದಿಲ್ಲ, ಬಿಸಿ ಎಂಜಿನ್ ಮೇಲೇ ಒಣಗಿಹೋಗುತ್ತದೆ. ಗೊತ್ತಾಗುವುದು ಸಿಹಿ ವಾಸನೆಯಿಂದ, ಗುಲಾಬಿ ಬಣ್ಣದ ಒಣ ಕಲೆಯಿಂದ, ಟ್ಯಾಂಕ್‌ನಲ್ಲಿ ಇಳಿಯುವ ಮಟ್ಟದಿಂದ. ನನ್ನ ಪರೀಕ್ಷೆ ಚಾಮುಂಡಿ ಬೆಟ್ಟ. ಫೋನಿನಲ್ಲಿ ಕೂಲೆಂಟ್ ತಾಪಮಾನ ಹಾಕಿಕೊಂಡು ಮಧ್ಯಾಹ್ನದ ಬಿಸಿಲಲ್ಲಿ ಎಸಿ ಆನ್ ಮಾಡಿ ಹತ್ತಿಸುವುದು. 90ರಿಂದ 100 ಡಿಗ್ರಿ ಆಸುಪಾಸು ನಿಂತರೆ ಸರಿ. ಏರುತ್ತಲೇ ಹೋದರೆ ಪಂಪ್, ಥರ್ಮೋಸ್ಟ್ಯಾಟ್, ರೇಡಿಯೇಟರ್ ಫ್ಯಾನ್ ಮೂರನ್ನೂ ನೋಡಬೇಕು. ಡ್ಯಾಶ್‌ಬೋರ್ಡಿನ ಮುಳ್ಳನ್ನು ನಂಬಬೇಡಿ. ಸ್ವಲ್ಪ ಏರಿಳಿತಕ್ಕೆ ಅದು ಅಲ್ಲಾಡದ ಹಾಗೆಯೇ ಮಾಡಿರುತ್ತಾರೆ.

ಹೌಸಿಂಗ್ ಇಡಿಯಾಗಿ ಬದಲಿಸಬೇಕು. ಕಾರು ಕಂಪನಿಗೆ ಭಾಗ ಮಾಡಿಕೊಡುವವರೇ ಅದನ್ನು ತಮ್ಮ ಹೆಸರಿನ ಡಬ್ಬದಲ್ಲೂ ಮಾರುತ್ತಾರೆ. ಪಾರ್ಟ್ ನಂಬರ್ ಹಿಡಿದು ಹುಡುಕಿದರೆ ಶೋರೂಮ್ ಬೆಲೆಯ ಅರ್ಧಕ್ಕೆ ಸಿಗುವುದುಂಟು. ನನಗೆ ಸುಮಾರು 22,000 ಬಿತ್ತು, ಕೂಲಿ ಬೇರೆ. ಕೂಲಿ ಜಾಸ್ತಿ ಯಾಕೆಂದರೆ ಹೌಸಿಂಗ್ ಇರುವುದು ಇನ್‌ಟೇಕ್ ಮ್ಯಾನಿಫೋಲ್ಡ್ (ಎಂಜಿನ್‌ಗೆ ಗಾಳಿ ಹಂಚುವ ಕೊಳವೆಗಳು) ಹಿಂದೆ. ಮ್ಯಾನಿಫೋಲ್ಡ್ ಬಿಚ್ಚಿದ ಮೇಲೆ ನಮ್ಮ ಮೆಕ್ಯಾನಿಕ್ ಟಾರ್ಚ್ ಬಿಟ್ಟು ತೋರಿಸಿದರು. "ಸಾರ್, ವಾಲ್ವ್ ನೋಡಿ. ಈಗ ಹಾಗೇ ಮುಚ್ಚಿದ್ರೆ ಆರು ತಿಂಗಳಿಗೆ ಮತ್ತೆ ಬರ್ತೀರ, ಅದೇ ಕೂಲಿ ಮತ್ತೆ ಕೊಡ್ತೀರ."

ಸಿಲಿಂಡರ್‌ಗೆ ಗಾಳಿ ಬಿಡುವ ವಾಲ್ವ್ ಮೇಲೆ ಮಸಿ ಗಟ್ಟಿಯಾಗಿ ಕೂತಿತ್ತು. ಇದು ಡೈರೆಕ್ಟ್ ಇಂಜೆಕ್ಷನ್ ಎಂಜಿನ್‌ಗಳ ಹುಟ್ಟುಗುಣ. ಹಳೆಯ ರೀತಿಯ ಎಂಜಿನ್‌ನಲ್ಲಿ ಪೆಟ್ರೋಲ್ ವಾಲ್ವ್ ಮೇಲೆ ಬಿದ್ದು ಅದನ್ನು ತೊಳೆಯುತ್ತಿರುತ್ತದೆ. ಇದರಲ್ಲಿ ಪೆಟ್ರೋಲ್ ನೇರ ಸಿಲಿಂಡರ್ ಒಳಗೆ ಹೋಗುತ್ತದೆ. ವಾಲ್ವ್‌ಗೆ ಸಿಗುವುದು ಎಂಜಿನ್ ಆಯಿಲ್‌ನ ಆವಿ ಮಾತ್ರ, ಅದು ಅಲ್ಲೇ ಸುಟ್ಟು ಕೂರುತ್ತದೆ. ಪೆಟ್ರೋಲ್‌ಗೆ ಬೆರೆಸುವ ಬಾಟಲಿ ದ್ರಾವಣ ಇದಕ್ಕೆ ದಂಡ, ಆ ಪೆಟ್ರೋಲ್ ವಾಲ್ವ್ ಮುಟ್ಟುವುದೇ ಇಲ್ಲವಲ್ಲ! ಅಕ್ರೋಟಿನ ಸಿಪ್ಪೆಯ ಪುಡಿಯನ್ನು ಗಾಳಿಯ ಒತ್ತಡದಲ್ಲಿ ಹೊಡೆದು ತೆಗೆಯಬೇಕು. ಸಿಪ್ಪೆ ಮಸಿಯನ್ನು ಕೀಳುತ್ತದೆ, ಲೋಹಕ್ಕೆ ಗೀರು ಬೀಳಿಸುವುದಿಲ್ಲ. ಬೆಂಗಳೂರಿನಿಂದ ಮಷಿನ್ ತರಿಸಿ ಮಾಡಿಸಿದ್ದಕ್ಕೆ ಹದಿನೈದು ಸಾವಿರ ಹತ್ತಿರ ಆಯಿತು. ಬೆಳಗಿನ ಐಡ್ಲಿಂಗ್ ನಡುಕ ಅವತ್ತಿಗೇ ನಿಂತಿತು.

ಅದೇ ಸಲ ಎಂಜಿನ್ ಒಳಗಿನ ಆವಿಯನ್ನು ಹೊರಗೆಳೆಯುವ ಪಿಸಿವಿ ವಾಲ್ವ್ ಕೂಡ ಹಾಕಿಸಿದೆ. ಅದರೊಳಗಿನ ರಬ್ಬರ್ ಹರಿದರೆ ಆಯಿಲ್ ಸುಡುವುದು ಜಾಸ್ತಿಯಾಗುತ್ತದೆ, ಎಂಜಿನ್ ಶಿಳ್ಳೆ ಹೊಡೆಯುತ್ತದೆ. ಐಡ್ಲಿಂಗ್‌ನಲ್ಲಿ ಆಯಿಲ್ ಮುಚ್ಚಳ ತೆಗೆಯಲು ಹೋದರೆ ಒಳಗಿನಿಂದ ಜೋರಾಗಿ ಎಳೆದು ಹಿಡಿದಂತಿರುತ್ತದೆ. ಎಂಟು ಸಾವಿರದ ಪಾರ್ಟ್, ಅರ್ಧ ಗಂಟೆಯ ಕೆಲಸ.

ವಾಲ್ವ್, ಪಿಸ್ಟನ್ ಎರಡನ್ನೂ ಒಂದೇ ಲಯದಲ್ಲಿ ಇಡುವ ಟೈಮಿಂಗ್ ಚೈನ್ ಬಗ್ಗೆ ಮಾತ್ರ ನಾನು ಜಿಪುಣತನ ಮಾಡಲಿಲ್ಲ. ರಾತ್ರಿಯೆಲ್ಲ ನಿಂತ ಗಾಡಿ ಸ್ಟಾರ್ಟ್ ಮಾಡಿದಾಗ ಎರಡು ಮೂರು ಸೆಕೆಂಡ್ ಡಬ್ಬದಲ್ಲಿ ಕಲ್ಲು ಅಲ್ಲಾಡಿಸಿದ ಹಾಗೆ ಸದ್ದು ಬಂದರೆ ಟೈಮಿಂಗ್ ಚೈನ್ ಟೆನ್ಷನರ್ ಸೋಲುತ್ತಿರಬಹುದು. ಆಯಿಲ್ ಒತ್ತಡ ಬರುವವರೆಗೆ ಅದು ಚೈನನ್ನು ಬಿಗಿ ಹಿಡಿಯುವುದಿಲ್ಲ. ಒಂದೆರಡು ಹಲ್ಲು ಜಾರಿದರೆ ಪಿಸ್ಟನ್ ಹೋಗಿ ವಾಲ್ವ್‌ಗೆ ಬಡಿಯುತ್ತದೆ. ಸ್ಕ್ಯಾನರ್‌ನಲ್ಲಿ ವಾಲ್ವ್ ತೆರೆಯುವ ಕ್ಯಾಮ್‌ಶಾಫ್ಟ್ ಎಷ್ಟು ಡಿಗ್ರಿ ಸರಿದಿದೆ ಅಂತ ನೋಡಬಹುದು. ಚೈನ್ ಹಿಗ್ಗಿದಷ್ಟೂ ಆ ಅಂಕಿ ಸೊನ್ನೆಯಿಂದ ದೂರ ಹೋಗುತ್ತದೆ. ಚೈನ್, ಟೆನ್ಷನರ್, ಗೈಡ್ ಎಲ್ಲ ಸೇರಿಸಿ ಕೂಲಿ ಸಮೇತ 80,000 ದಾಟಿತು. ವಾಲ್ವ್ ಬಾಗಿ ಹೆಡ್ ಇಳಿಸುವ ಹಾಗಾಗಿದ್ದರೆ ಮೂರು ನಾಲ್ಕು ಲಕ್ಷದ ಮಾತು. ಸೆಕೆಂಡ್ ಹ್ಯಾಂಡ್ ನೋಡಲು ಹೋದಾಗ ಮಾರುವವರು, "ಗಾಡಿ ಬಿಸಿ ಮಾಡಿಟ್ಟಿದ್ದೀನಿ ಬನ್ನಿ" ಅಂದರೆ ನಾನು ಮಾರನೇ ದಿನ ಬೆಳಗ್ಗೆ ಬರುತ್ತೇನೆ ಅನ್ನುತ್ತೇನೆ.

ಗೇರ್‌ಬಾಕ್ಸ್‌ಗೆ ಬೇಕಾಗಿರುವುದು ಸಮಯಕ್ಕೆ ಸರಿಯಾಗಿ ಆಯಿಲ್. ಕ್ಲಚ್ ಆಯಿಲ್‌ನಲ್ಲೇ ಮುಳುಗಿರುವ ಈ ನಮೂನೆಗೆ 60,000 ಕಿ.ಮೀ.ಗೊಮ್ಮೆ ಆಯಿಲ್, ಫಿಲ್ಟರ್ ಬದಲಾಗಬೇಕು. ಸುಮಾರು 5 ಲೀಟರ್ ಹಿಡಿಸುತ್ತದೆ. ಮಟ್ಟ ನೋಡುವುದು ಆಯಿಲ್ 35ರಿಂದ 45 ಡಿಗ್ರಿ ಇರುವಾಗ, ಅದೂ ಎಂಜಿನ್ ಓಡುತ್ತಿರುವಾಗ. ತಾಪಮಾನ ಓದಲು ಸ್ಕ್ಯಾನರ್ ಇಲ್ಲದ ಗ್ಯಾರೇಜಿನಲ್ಲಿ ಈ ಕೆಲಸ ಮಾಡಿಸಲೇಬೇಡಿ. ನನಗೆ ಇಪ್ಪತ್ತು ಸಾವಿರ ಆಯಿತು. ಗೇರ್ ಜರ್ಕ್ ಹೊಡೆದಾಗ ಮೆಕಟ್ರಾನಿಕ್ (ಗೇರ್ ಬದಲಿಸುವ ಕಂಪ್ಯೂಟರ್, ವಾಲ್ವ್‌ಗಳ ಘಟಕ) ಹೋಗಿದೆ, ಎರಡು ಲಕ್ಷ ಅಂತ ಒಂದು ಕಡೆ ಹೇಳಿದ್ದರು. ಆಯಿಲ್ ಬದಲಿಸಿ, ಸ್ಕ್ಯಾನರ್‌ನಿಂದ ಕ್ಲಚ್ ಅಡಾಪ್ಟೇಷನ್, ಅಂದರೆ ಕ್ಲಚ್ ಹಿಡಿಯುವ ಅಳತೆ, ಹೊಸದಾಗಿ ಮಾಡಿಸಿದ ಮೇಲೆ ಜರ್ಕ್ ಹೋಯಿತು. ಎಲ್ಲರಿಗೂ ಹೀಗೇ ಆಗುತ್ತದೆ ಅನ್ನುವುದಿಲ್ಲ, ಆದರೆ ಎರಡು ಲಕ್ಷಕ್ಕೆ ಮೊದಲು ಇಪ್ಪತ್ತು ಸಾವಿರದ್ದನ್ನು ಮಾಡಿ ನೋಡಬೇಕಲ್ವಾ?

ಇನ್ನು ಹಂಪ್‌ಗಳು. ಎಕ್ಸ್‌ಪ್ರೆಸ್‌ವೇ ಈ ಕಾರಿಗೆ ಸ್ವರ್ಗ. ಅದರಿಂದ ಇಳಿದು ಹಳ್ಳಿ ರಸ್ತೆ ಹಿಡಿದರೆ ಬಣ್ಣವಿಲ್ಲದ, ಬೋರ್ಡ್ ಇಲ್ಲದ ಹಂಪ್‌ಗಳು. ಕಬ್ಬಿನ ಕಾಲದಲ್ಲಿ ಟ್ರ್ಯಾಕ್ಟರ್ ಹಿಂದೆ ಹೋಗುವಾಗ ಅವು ಕಾಣುವುದೂ ಇಲ್ಲ. ಎಂಜಿನ್ ಕೆಳಗೆ ಆಯಿಲ್ ನಿಲ್ಲುವ ನನ್ನ ಅಲ್ಯೂಮಿನಿಯಂ ಸಂಪ್ ಸೀಳಿದ್ದು ಹಾಗೆ. ಹೊಸದು ಬರಲು ವಾರಗಳು ಬೇಕು ಅಂದರು. ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಆರ್ಗಾನ್ ವೆಲ್ಡಿಂಗ್ ಮಾಡಿಸಿದೆ, ಎರಡು ಸಾವಿರದೊಳಗೆ ಮುಗಿಯಿತು. ಇವತ್ತಿಗೂ ಒಂದು ಹನಿ ಸೋರಿಲ್ಲ. ಮ್ಯಾಗ್ನೆಟಿಕ್ ಡ್ಯಾಂಪರ್ (ವಿದ್ಯುತ್ತಿನಿಂದ ಗಡಸು ಬದಲಿಸುವ ಶಾಕ್ ಅಬ್ಸಾರ್ಬರ್) ಸೋರಿದರೆ ಮಾತ್ರ ಇಂಥ ದಾರಿ ಇಲ್ಲ. ಒಂದಕ್ಕೇ 60,000 ಮೇಲೆ ಹೇಳುತ್ತಾರೆ. ಆ ದುಡ್ಡಿಗೆ ಮಾಮೂಲಿ ಡ್ಯಾಂಪರ್ ನಾಲ್ಕೂ ಬರುತ್ತವೆ, ಮೀಟರಿನಲ್ಲಿ ಉರಿಯುವ ಲೈಟನ್ನು ಕೋಡಿಂಗ್ ಮಾಡಿ ಆರಿಸಬೇಕು ಅಷ್ಟೆ. ನಾನು ಮಾಮೂಲಿಯದೇ ಹಾಕಿಸಿದೆ. ನಮ್ಮ ರಸ್ತೆಗೆ ಅದೇ ವಾಸಿ.

ಕೂಪೆಯಂಥ ಕಾರಿಗೆ ಬರುವ ಒಂದು ಕಾಯಿಲೆ ಇದೆ. ಬಾಗಿಲ ಗಾಜಿಗೆ ಚೌಕಟ್ಟು ಇರುವುದಿಲ್ಲ. ಹ್ಯಾಂಡಲ್ ಎಳೆದ ತಕ್ಷಣ ಗಾಜು ಒಂದು ಬೆರಳಿನಷ್ಟು ಇಳಿಯಬೇಕು, ಬಾಗಿಲು ಮುಚ್ಚಿದ ಮೇಲೆ ಏರಿ ರಬ್ಬರಿಗೆ ಒತ್ತಬೇಕು. ಬಾಗಿಲು ತೆರೆದಿದೆಯೋ ಇಲ್ಲವೋ ಅಂತ ಹೇಳುವುದು ಲಾಕ್ ಒಳಗಿನ ಪುಟ್ಟ ಮೈಕ್ರೋ ಸ್ವಿಚ್. ಅದು ಕೆಟ್ಟರೆ ಗಾಜು ಇಳಿಯುವುದಿಲ್ಲ, ರಬ್ಬರ್ ಕಿತ್ತುಬರುತ್ತದೆ, ಮಳೆಗಾಲದಲ್ಲಿ ಸೀಟು ಒದ್ದೆ. ಲಾಕ್ ಇಡಿಯಾಗಿ ಬದಲಿಸಲು 18,000 ಕೇಳಿದರು. ಬಾಗಿಲ ಪ್ಯಾನೆಲ್ ತೆಗೆದು, ಲಾಕ್ ಬಿಚ್ಚಿ, ಅದೇ ಅಳತೆಯ ಸ್ವಿಚ್ ಬೆಂಗಳೂರಿನ ಎಸ್.ಪಿ. ರೋಡಿನಿಂದ ತಂದು ಸೋಲ್ಡರ್ ಮಾಡಿದೆ. ನೂರು ರೂಪಾಯಿಯೂ ಆಗಲಿಲ್ಲ. ಒಂದು ಭಾನುವಾರ ಪೂರ್ತಿ ಹೋಯಿತು, ಬೆರಳೂ ಸುಟ್ಟಿತು. ಆದರೂ ಈ ಕಾರಿಗೆ ಮಾಡಿದ ಕೆಲಸಗಳಲ್ಲಿ ನನಗೆ ತುಂಬಾ ಖುಷಿ ಕೊಟ್ಟದ್ದು ಇದೇ.

ಟೈರ್ ಒಂದಕ್ಕೆ 14,000 ಆಸುಪಾಸು. ಕಡಿಮೆ ಓಡುವ ಕಾರಾದ್ದರಿಂದ ಸವೆಯುವ ಮೊದಲೇ ವಯಸ್ಸಾಗುತ್ತದೆ. ಪಕ್ಕದಲ್ಲಿ ಅಚ್ಚಾಗಿರುವ ನಾಲ್ಕು ಅಂಕಿ ನೋಡಿ, ಮೊದಲೆರಡು ತಯಾರಾದ ವಾರ, ಕೊನೆಯೆರಡು ವರ್ಷ. ಬ್ಯಾಟರಿ ಎಜಿಎಂ (ಗಾಜಿನ ನಾರಿನ ಹಾಳೆಯಲ್ಲಿ ಆಸಿಡ್ ಹಿಡಿದಿಡುವ) ನಮೂನೆಯದು, ಅದಕ್ಕೂ ಹದಿನೈದು ಸಾವಿರ ಮೇಲೆ. ವಾರಗಟ್ಟಲೆ ಸುಮ್ನೆ ನಿಲ್ಲಿಸುವುದಾದರೆ ನಿಧಾನವಾಗಿ ಚಾರ್ಜ್ ಮಾಡುತ್ತಿರುವ ಟ್ರಿಕಲ್ ಚಾರ್ಜರ್ ಹಾಕಿಡುವುದೇ ಅಗ್ಗ.

2025ರ ಸೆಪ್ಟೆಂಬರ್ 22ರಿಂದ ಬಿಡಿಭಾಗಗಳ ಜಿಎಸ್‌ಟಿ 28ರಿಂದ 18 ಪರ್ಸೆಂಟ್‌ಗೆ ಇಳಿದಿದೆ. ಹಳೆಯ ರೇಟ್ ಪಟ್ಟಿ ಹಿಡಿದು ಬಿಲ್ ಹಾಕಿದರೆ ಕೇಳಿ. ಇನ್ನೊಂದು ಖರ್ಚನ್ನು ಮಾರುವವರು ಹೇಳುವುದೇ ಇಲ್ಲ. 15 ವರ್ಷ ತುಂಬಿ 20 ದಾಟದ ಕಾರಿನ ನೋಂದಣಿ ನವೀಕರಣಕ್ಕೆ 2022ರ ಏಪ್ರಿಲ್‌ನಿಂದ ಮಾಮೂಲಿ ಕಾರಿಗೆ 5,000 ರೂಪಾಯಿ, ಆಮದು ಮಾಡಿದ್ದಕ್ಕೆ 40,000. ನನ್ನದು ಆಮದಿನದು. ಆ ದುಡ್ಡನ್ನು ಈಗಲೇ ಬೇರೆ ಎತ್ತಿಟ್ಟಿದ್ದೇನೆ, ಅದರಲ್ಲಿ ಟೈರ್ ಕೊಳ್ಳುವುದಿಲ್ಲ.