ಒಂದು ಬಿಟ್ ತಪ್ಪಿದ್ದಕ್ಕೆ ನಾಲ್ಕು ಮೀಟರ್ ಪಕ್ಕಕ್ಕೆ ಸರಿದ ರೈಲು: ನನ್ನ ಅನುಭವ

ಕಂಪ್ಯೂಟರಿನ ರೈಲು ಗೇಮಿಗೆ ಕಟ್ಟಿದ ನಮ್ಮ ಹುಬ್ಬಳ್ಳಿ–ಧಾರವಾಡ ರೂಟಿನ ಪ್ಯಾಚ್ (ಹಳೇ ಫೈಲುಗಳನ್ನು ಹೊಸದಾಗಿಸುವ ತಿದ್ದುಪಡಿ) ಕೊನೆಗೂ ನನ್ನ ಸಿಸ್ಟಮ್‌ನಲ್ಲಿ ಕೂತಿತು. "ಫೈಲ್ ಸರಿ ಐತಿ, ಪ್ಯಾಚೇ ಕೆಟ್ಟೈತಿ" ಅಂತ ಎರಡು ತಿಂಗಳು ವಾದ ಮಾಡಿದ ದೋಸ್ತರೆಲ್ಲ ಇದನ್ನು ಓದಬೇಕು.

ರೂಟು ನಾವು ನಾಲ್ಕು ಜನ ಮೈಕ್ರೋಸಾಫ್ಟ್‌ನ 2001ರ ಟ್ರೇನ್ ಸಿಮ್ಯುಲೇಟರ್‌ಗೆ ಕಟ್ಟಿದ್ದು. ಈಗ ಓಡಿಸುವುದು ಅದೇ ರೂಟುಗಳನ್ನು ತೆರೆಯುವ ಓಪನ್ ರೇಲ್ಸ್‌ನಲ್ಲಿ. ಈ ಪ್ಯಾಚ್ ಮಾಡಿದ್ದೇ ನಮ್ಮ ಜಂಕ್ಷನ್ನಿನ 1,507 ಮೀಟರ್ ಪ್ಲಾಟ್‌ಫಾರ್ಮ್ ಸೇರಿಸೋಕೆ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ, ಗಿನ್ನೆಸ್ ದಾಖಲೆಯ ಪ್ಲಾಟ್‌ಫಾರ್ಮ್ ಇಲ್ಲದೆ ಹುಬ್ಬಳ್ಳಿ ರೂಟ್ ಅನ್ನೋದು ಹೇಗೆ? ಆದರೆ ಹಳಿಗಳ ಸ್ಥಾನಗಳನ್ನು ಬರೆದಿಟ್ಟಿರುವ ಟಿಡಿಬಿ ಫೈಲಿಗೆ ಬಂದ ಕೂಡಲೇ ಪ್ಯಾಚ್ ನಿಲ್ಲುತ್ತಿತ್ತು, ಹಳೇ ಫೈಲ್ ತಾಳೆ ಆಗುತ್ತಿಲ್ಲ ಅಂತ.

ಗಾತ್ರದಲ್ಲಿ ಒಂದು ಬೈಟೂ ಹೆಚ್ಚುಕಮ್ಮಿ ಇಲ್ಲ. ಗೇಮೂ ತೆರೆಯುತ್ತಿತ್ತು. ಪ್ಯಾಚನ್ನು ಮೂರು ಸಲ ಇಳಿಸಿದೆ, ಡೇಟಾಕ್ಕೆ ನೂರೈವತ್ತು ರೂಪಾಯಿ ಹೋಯಿತು. ಅಂಗಡಿಯವರು ಫಾರ್ಮ್ಯಾಟ್ ಮಾಡಿ ಐನೂರು ತಗೊಂಡರು. ಆಮೇಲೆ "ಹಾರ್ಡ್ ಡಿಸ್ಕ್ ಹೋಗೇತ್ರೀ ಸರ" ಅಂತ ಎಸ್ಎಸ್‌ಡಿ ಹಾಕಿದರು, ಸುಮಾರು ಎರಡು ಸಾವಿರದ ಇನ್ನೂರು. ಕೆಟ್ಟ ಫೋಲ್ಡರೇ ಹೊಸ ಡಿಸ್ಕಿಗೂ ಹೋಗಿ ಕೂತಿತು.

ಗದಗದ ಗೆಳೆಯ ತಾಳೆ ನೋಡುವುದನ್ನೇ ಬಿಟ್ಟು ಒತ್ತಾಯದಿಂದ ಪ್ಯಾಚ್ ಹಾಕು ಅಂದ. ಹಾಕಿದೆ. ಪ್ಲಾಟ್‌ಫಾರ್ಮ್ ಬಂತು! ಗಾಡಿ ಬಿಟ್ಟೆ. ಉಣಕಲ್ ಹತ್ತಿರ ಡಬ್ಲ್ಯುಡಿಜಿ-4 ಎಂಜಿನ್ ಹಳಿ ಬಿಟ್ಟು ಪಕ್ಕದ ಹುಲ್ಲಿನ ಮೇಲೆ ತೇಲುತ್ತಾ ಹೋಯಿತು. ಬೋಗಿಯ ಅಗಲದ ಮೇಲೆ ಅಂದಾಜು ಹಾಕಿದೆ: ನಾಲ್ಕು ಮೀಟರ್.

ಆ ನಾಲ್ಕು ನನ್ನನ್ನು ಬಿಡಲಿಲ್ಲ. ಗೆಳೆಯನಿಂದ ಮೂಲ ಜಿಪ್ ತರಿಸಿ, ಟಿಡಿಬಿ ಒಂದನ್ನೇ ಹೊರತೆಗೆದು, ಪ್ಯಾಚ್ ಹಾಕದ ನನ್ನ ಫೈಲಿನ ಜೊತೆ ಎಫ್‌ಸಿ ಸ್ಲ್ಯಾಶ್ ಬಿ (ಎರಡು ಫೈಲುಗಳನ್ನು ಬೈಟ್ ಬೈಟಾಗಿ ಹೋಲಿಸುವ ವಿಂಡೋಸ್ ಕಮಾಂಡ್) ಕೊಟ್ಟೆ. ಇಡೀ ಫೈಲಿನಲ್ಲಿ ಒಂದೇ ಸಾಲು ಬಂತು: ಒಂದು ಕಡೆ 35, ಇನ್ನೊಂದು ಕಡೆ 31. ಹೆಕ್ಸ್‌ನಲ್ಲಿ 35 ಅಂದರೆ ಅಂಕಿ 5, 31 ಅಂದರೆ 1. ನಡುವೆ ಇರುವ ವ್ಯತ್ಯಾಸ ಒಂದೇ ಬಿಟ್, ಅಂದರೆ ಒಂದೇ ಒಂದು 0/1. ಒಂದು ಟ್ರ್ಯಾಕಿನ ಸ್ಥಾನದಲ್ಲಿ ಮೀಟರಿನ ಬಿಡಿ ಸ್ಥಾನದ 5 ಹೋಗಿ 1 ಆಗಿತ್ತು. ಅಂಕಿ ಹೋಗಿ ಅಂಕಿಯೇ ಬಂದರೆ ಗೇಮ್ ಯಾಕೆ ತಕರಾರು ಮಾಡುತ್ತದೆ?

ಇಷ್ಟಕ್ಕೇ ನಿಲ್ಲಿಸಿದ್ದರೆ ಮತ್ತೆ ಕೆಡುತ್ತಿತ್ತು. ಅದೇ ಫೋಲ್ಡರನ್ನು ಮೂರು ಸಲ ಕಾಪಿ ಮಾಡಿ ಪ್ರತಿ ಫೈಲಿನ ಹ್ಯಾಶ್ (ಒಂದು ಬಿಟ್ ಬದಲಾದರೂ ಬದಲಾಗುವ ಗುರುತು ಸಂಖ್ಯೆ) ನೋಡಿದೆ. ಪ್ರತಿಸಲ ಅದೇ ಫೈಲ್ ತಪ್ಪಿದ್ದರೆ ಡಿಸ್ಕೋ ಡೌನ್‌ಲೋಡೋ ಅನ್ನಬಹುದಿತ್ತು. ನನಗೆ ಒಮ್ಮೆ ಒಂದು ಟೆಕ್ಸ್ಚರ್, ಇನ್ನೊಮ್ಮೆ ಸೌಂಡ್ ಫೈಲ್, ಮೂರನೇ ಸಲ ಏನೂ ಇಲ್ಲ. ಆಗಲೇ ಕೆಟ್ಟಿರುವುದು, ಕಾಪಿಯಾಗುವಾಗ ಡೇಟಾ ಹಾಯುವ ಮೆಮೊರಿಯಾದ ರ‍್ಯಾಮ್ ಅಂತ ಖಾತ್ರಿಯಾಯಿತು. ರಬ್ಬರ್‌ನಿಂದ ಅದರ ಸ್ಟಿಕ್‌ಗಳ ಲೋಹದ ಕಾಲುಗಳನ್ನು ಉಜ್ಜಿ ಹಾಕಿದೆ, ಫರಕು ಆಗಲಿಲ್ಲ. ರಾತ್ರಿಯಿಡೀ ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್86 ಓಡಿಸಿದೆ; ಬೆಳಿಗ್ಗೆ ಪರದೆ ತುಂಬ ಕೆಂಪು ಸಾಲು. ಎರಡರಲ್ಲಿ ಒಂದು ಸ್ಟಿಕ್ ತೆಗೆದ ಮೇಲೆ ಒಂದೂ ಎರರ್ ಇಲ್ಲ. ಹಳೇ ಸ್ಟಿಕ್ ಒಂದನ್ನು ಏಳುನೂರಕ್ಕೆ ತಂದು ಹಾಕಿದೆ.

ಸುಮಾರು ನಾಲ್ಕು ಸಾವಿರ ಫೈಲುಗಳಲ್ಲಿ ಯಾವುವು ಕೆಟ್ಟಿವೆ ಅಂತ ಜಿಪ್‌ನೊಳಗಿನ ಸಿಆರ್‌ಸಿ (ಪ್ರತಿ ಫೈಲಿನ ತಪಾಸಣಾ ಸಂಖ್ಯೆ) ಜೊತೆ ತಾಳೆ ನೋಡಿದೆ. ಏಳು ಸಿಕ್ಕವು, ಆ ಏಳನ್ನೇ ಬದಲಿಸಿದೆ. ಮೂರು ನಿಮಿಷದಲ್ಲಿ ಈ ಕೆಲಸ ಮುಗಿಸುವ ಬ್ಯಾಚ್ ಫೈಲ್ ನನ್ನದೇ. ಅದನ್ನು ಸದ್ಯಕ್ಕೆ ಯಾರಿಗೂ ಕೊಡುವುದಿಲ್ಲ. ಟಿಡಿಬಿಯನ್ನು ನೋಟ್‌ಪ್ಯಾಡ್‌ನಲ್ಲಿ ಕೈಯಿಂದ ತಿದ್ದಿಯೂ ನೋಡಿದ್ದೆ. ಆ ಫೈಲಿನ ಅಕ್ಷರಗಳು ಇರುವುದು ಯುಟಿಎಫ್-16 ಎಂಬ ಸಂಕೇತದಲ್ಲಿ, ಸೇವ್ ಮಾಡುವಾಗ ಯುಟಿಎಫ್-8 ಆಗಿ ಪ್ಯಾಚ್ ಮತ್ತೆ ತಿರಸ್ಕರಿಸಿತು. ತಿದ್ದಬೇಡಿ, ಮೂಲದಿಂದಲೇ ತೆಗೆದು ಹಾಕಿ.

ಪ್ಯಾಚ್ ಮೊದಲ ಏಟಿಗೇ ಮುಗಿಯಿತು. ಆ ಸಂಜೆ ಗಾಡಿ ಓಡಿಸುತ್ತಿರುವಾಗಲೇ ಗದಗದಿಂದ ಫೋನು.

"ಉಣಕಲ್ ದಾಟ್ತೇನೋ?"

"ಅಮರಗೋಳನೂ ದಾಟ್ತಲೇ, ನವಲೂರ ಸಿಗ್ನಲ್ ಕಾಣಾಕತ್ತೈತಿ."