ಕೈಲಾಸ ಬಿಟ್ಟುಕೊಟ್ಟ ಗುಟ್ಟು

ಡೊಂಬಿವಲಿಯ ನಮ್ಮ ಕಟ್ಟಡದಲ್ಲಿ, ಮುಂಬೈ ಪಾಲಿಕೆಯ ಕನ್ನಡ ಶಾಲೆಯಿಂದ ನಿವೃತ್ತರಾದ ಟೀಚರ್ ಒಬ್ಬರಿದ್ದಾರೆ. ದಿನಕ್ಕೊಂದು ಪದಬಂಧ ರಚಿಸಿ, ಬೆಳಿಗ್ಗೆ ಆರರೊಳಗೆ ಅದರ ಚಿತ್ರವನ್ನು ನಮ್ಮ ಮೊಬೈಲಿಗೆ ಕಳುಹಿಸುತ್ತಾರೆ. ನಾಲ್ಕು ಸುಳಿವುಗಳಿಗೆ ನಕ್ಷತ್ರದ ಗುರುತು. ಆ ನಾಲ್ಕು ಉತ್ತರಗಳ ಒಳನಂಟನ್ನು ನಾವೇ ಕಂಡುಹಿಡಿಯಬೇಕು. ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಸೋಮವಾರದಿಂದ ಗುರುವಾರದವರೆಗೆ ಮತ್ತು ಭಾನುವಾರ ಬರುವ ಪದಬಂಧಗಳಲ್ಲಿ ಇಂಥ ನಂಟು ಇರುತ್ತದೆ. ಅದನ್ನು ನೋಡಿ ಟೀಚರ್ ಕನ್ನಡಕ್ಕೆ ಒಗ್ಗಿಸಿಕೊಂಡರು.

ನಾನು ಬಿಡಿಸುವುದು ಮುಂಬೈಯ ಸಿಎಸ್‌ಎಂಟಿ ನಿಲ್ದಾಣಕ್ಕೆ ಹೋಗುವ ಲೋಕಲ್ ರೈಲಿನಲ್ಲಿ. ನಕ್ಷತ್ರದ ಸುಳಿವುಗಳನ್ನು ಮೊದಲು ಮುಟ್ಟುವುದಿಲ್ಲ. ಎರಡು ಮನೆಯ ಚಿಕ್ಕ ಪದಗಳಿಂದ ಶುರು. ಇಂಗ್ಲಿಷಿನಂತೆ ಇಲ್ಲಿ ಬಿಡಿ ಅಕ್ಷರವಲ್ಲ, ಒಂದು ಮನೆಗೆ ಗುಣಿತ, ಒತ್ತು ಸಮೇತ ಪೂರ್ತಿ ಅಕ್ಷರ. ಅಡ್ಡಪದದ ‘ಲ’ಕ್ಕೆ ಕೆಳಪದದ ‘ಲಾ’ ಕೂಡುವುದಿಲ್ಲ. ರಚಿಸುವವರಿಗೆ ಇದು ಕಷ್ಟ, ಬಿಡಿಸುವವರಿಗೆ ವರ.

ಕಳೆದ ಗುರುವಾರ ಮೇಲಿನ ಸಾಲಿನಲ್ಲಿ ‘ಅಜ್ಜನದೊಂದು, ಅಪ್ಪನದೊಂದು, ನನ್ನದೊಂದು’, ನಾಲ್ಕು ಮನೆ. ತಲೆಮಾರು! ಎಷ್ಟು ಚೆಂದದ ಸುಳಿವು. ಅದರ ಕೆಳಗೆ ಮೂಗುತಿಯೂ ಸಿಕ್ಕಿತು. ನಡುವಿನ ‘ಶಿವನ ನೆಲೆ’ಗೆ ಮೂರು ಮನೆ. ಎರಡನೆಯ ಯೋಚನೆಯಿಲ್ಲದೆ ‘ಸ್ಮಶಾನ’ ಎಂದು ಬರೆದೆ. ಥಾಣೆ ನಿಲ್ದಾಣದಲ್ಲಿ ಸೀಟು ಸಿಕ್ಕ ಮೇಲೆ ನೋಡಿದರೆ, ಅದರ ನಡುಮನೆಯಿಂದ ಕೆಳಕ್ಕಿಳಿಯುವ ಸುಳಿವು ‘ನಷ್ಟದ ಎದುರಾಳಿ’. ಲಾಭವಲ್ಲದೆ ಮತ್ತೇನು? ‘ಶಾ’ ಇರುವಲ್ಲಿ ‘ಲಾ’ ಬರಬೇಕು. ಸ್ಮಶಾನ ಅಳಿಸಿದೆ, ಕೈಲಾಸ ಬಂತು.

ಆಗ ನಕ್ಷತ್ರದ ಉತ್ತರಗಳ ಮೊದಲ ಭಾಗ ಕಣ್ಣಿಗೆ ಬಿತ್ತು: ತಲೆ, ಮೂಗು, ಕೈ. ಮೇಲಿನಿಂದ ಕೆಳಕ್ಕೆ ಒಂದು ದೇಹವೇ ನಿಂತಿದೆ! ಕೊನೆಯ ಸಾಲಿನ ‘ಗದ್ದೆಗೆ ನೀರಿನ ದಾರಿ’ಗೆ ‘ನಾಲೆ’ ಎಂದುಕೊಂಡು, ಒಂದು ಮನೆ ಉಳಿಯುತ್ತದಲ್ಲ ಎಂದು ಒದ್ದಾಡುತ್ತಿದ್ದೆ. ಅಡ್ಡ ಹಾಯುವ ಒಂದು ಅಕ್ಷರವೂ ಇಲ್ಲದೆ ‘ಕಾಲುವೆ’ ಎಂದು ಬರೆದೆ. ಕುರ್ಲಾ ಬಂದದ್ದೇ ತಿಳಿಯಲಿಲ್ಲ.

ಬಿಡಿಸಿದ ಮೇಲೆ ಒಮ್ಮೆ ತೂಗಿ ನೋಡುವುದು ನನಗೆ ಬಿಡಿಸಿದಷ್ಟೇ ಇಷ್ಟ. ಕೈಲಾಸದಲ್ಲಿ ಕೈಯ ಅರ್ಥವಿಲ್ಲ, ಕಾಲುವೆಯಲ್ಲಿ ಕಾಲಿನ ನೆನಪೂ ಬರುವುದಿಲ್ಲ. ಅಂಗ ಅಡಗಿದ್ದರೆ ಹಾಗೆ ಅಡಗಿರಬೇಕು. ಮೂಗುತಿಯಲ್ಲಿ ಮಾತ್ರ ಮೂಗು ಎದ್ದು ಕಾಣುತ್ತದೆ. ದಾದರ್ ದಾಟಿದ ಮೇಲೆ ಟೀಚರ್‌ಗೆ ಫೋನ್ ಮಾಡಿ ಹೇಳಿದೆ.

“ನಿಜ ನೋಡಮ್ಮ. ಬಾಯಾರಿಕೆ ಹಾಕೋಣವೆಂದಿದ್ದೆ. ಆದರೆ ಸಂಧಿಯಲ್ಲಿ ‘ಬಾಯಿ’ಯ ಇಕಾರ ಬಿದ್ದುಹೋಗುತ್ತದೆ” ಎಂದರು.

ಭಾಯಖಳಾದ ಹತ್ತಿರ ನನಗೆ ಹೊಳೆಯಿತು: ನಡುಕ. ನಡು ಇದೆ, ಸೊಂಟದ ಸುಳಿವಿಲ್ಲ. ಮತ್ತೆ ಫೋನ್ ಮಾಡಿದೆ. ಅವರು ಒಂದು ಕ್ಷಣ ಸುಮ್ಮನಿದ್ದರು. “ನಡು ಕೈಯ ಕೆಳಗೆ ಬರಬೇಕಲ್ಲ. ಹಾಗಾದರೆ ಕೈಲಾಸ ಒಂದು ಸಾಲು ಮೇಲೇರಬೇಕು, ಲಾಭವೂ ಅದರ ಜೊತೆಗೆ ಹೋಗಬೇಕು. ಇರು, ಹೊಸ ಹಾಳೆ ತೆಗೆದುಕೊಳ್ಳುತ್ತೇನೆ” ಎಂದರು.