ಕ್ಯಾಮೆರಾ ಕಾವಲಿಲ್ಲದೆ ಪದವಿ ಮುಗಿಸಿದ ಬಗೆ

ಮಸ್ಕತ್ತಿನಲ್ಲಿ ಕೆಲಸ ಮಾಡುತ್ತಲೇ, ಕಾವಲಿನ ಪರೀಕ್ಷೆ ಬರೆಯದೆ, ಆನ್‌ಲೈನಿನಲ್ಲಿ ಓದಿದ ಅಮೆರಿಕದ ಪದವಿಯ ಪ್ರಮಾಣಪತ್ರ ಕೈಗೆ ಬಂದಿದೆ, ಕಂಪನಿಯ ಕಡತಕ್ಕೂ ಸೇರಿದೆ. ಇನ್ನು ಧೈರ್ಯವಾಗಿ ಬರೆಯಬಹುದು. ಈ ದಾರಿ ಹಿಡಿಯುತ್ತೇನೆಂದು ಹೇಳಿದ ದಿನ ಗುಬ್ಬಿಯಲ್ಲಿರುವ ನಮ್ಮ ಚಿಕ್ಕಪ್ಪ, ನಿವೃತ್ತ ಮೇಷ್ಟರು, "ಪರೀಕ್ಷಾ ಕೊಠಡಿಯನ್ನೇ ಕಾಣದ ಪದವಿ ಏನಪ್ಪಾ ಅದು, ರಾಗಿ ಹಾಕದ ಮುದ್ದೆ!" ಎಂದು ನಕ್ಕಿದ್ದರು. ಮಸ್ಕತ್ತಿನಲ್ಲಿ ಜೊತೆಗಿದ್ದ ತುಮಕೂರಿನ ಗೆಳೆಯರೂ ಇದು ದುಡ್ಡು ಹೊಡೆಯುವ ಜಾಲವೆಂದೇ ಷರಾ ಬರೆದರು.

ನನಗೆ ಪರೀಕ್ಷೆಯ ಭಯವಿರಲಿಲ್ಲ, ಕೊಠಡಿಯದ್ದೇ ತೊಂದರೆ. ಮಸ್ಕತ್ತಿನ ರೂವಿಯಲ್ಲಿ ಕಂಪನಿ ಕೊಟ್ಟ ಕೋಣೆಯಲ್ಲಿ ನಾಲ್ಕು ಮಂಚ, ನಾಲ್ವರಿಗೂ ಬೇರೆ ಬೇರೆ ಪಾಳಿ. ಮೊದಲು ಸೇರಿದ ಒಂದು ಕೋರ್ಸಿನ ಅಂತಿಮ ಪರೀಕ್ಷೆಗೆ ಕ್ಯಾಮೆರಾ ಕಾವಲು ಕಡ್ಡಾಯವಾಗಿತ್ತು. ಲ್ಯಾಪ್‌ಟಾಪ್ ಎತ್ತಿ ನಾಲ್ಕೂ ಗೋಡೆ ತೋರಿಸು, ಮಂಚದ ಕೆಳಗೆ ತೋರಿಸು, ಬೀರುವಿನ ಕನ್ನಡಿಗೆ ಬಟ್ಟೆ ಮುಚ್ಚು ಎಂದರು, ಎಲ್ಲವನ್ನೂ ಮಾಡಿದೆ. ಅರ್ಧ ಪ್ರಶ್ನೆ ಮುಗಿದಿದ್ದಾಗ ಮಲಯಾಳಿ ಗೆಳೆಯರೊಬ್ಬರು ಟವೆಲ್ ಸುತ್ತಿಕೊಂಡು ಸ್ನಾನದ ಮನೆಯಿಂದ ಹೊರಬಂದರು. ಪರದೆ ಅಲ್ಲಿಗೇ ನಿಂತಿತು. ಪರೀಕ್ಷೆ ರದ್ದಾಯಿತು, ಕಟ್ಟಿದ ಶುಲ್ಕ ವಾಪಸ್ ಬರಲಿಲ್ಲ. ಮರುಪರೀಕ್ಷೆಗೆ ಮತ್ತೆ ಹಣ ಕೇಳಿದರು. ನಾನು ಕೊಡಲಿಲ್ಲ.

ನಮ್ಮ ದೇಶದ ಕಡೆ ನೋಡಲಿಲ್ಲವೇ ಎಂದು ಎಲ್ಲರೂ ಕೇಳುತ್ತಾರೆ. ನೋಡಿದೆ. ಐಐಟಿ ಮದ್ರಾಸಿನ ಆನ್‌ಲೈನ್ ಬಿಎಸ್ ಒಳ್ಳೆಯ ಪದವಿ, ಆದರೆ ಪರೀಕ್ಷೆಯನ್ನು ಕೇಂದ್ರಕ್ಕೆ ಹೋಗಿ ಬರೆಯಬೇಕು. ಕೇಂದ್ರ ಸರ್ಕಾರದ ‘ಸ್ವಯಂ’ ಜಾಲತಾಣದ ಕೋರ್ಸುಗಳದ್ದೂ ಅದೇ ಕಥೆ. ಪ್ರತಿ ಪರೀಕ್ಷೆಗೂ ರಜೆ ಹಾಕಿ ವಿಮಾನ ಹತ್ತಿದರೆ ಅಗ್ಗದ ಕೋರ್ಸು ಅಗ್ಗವಾಗಿ ಉಳಿಯುವುದಿಲ್ಲ. ಯೂನಿವರ್ಸಿಟಿ ಆಫ್ ದಿ ಪೀಪಲ್ ಎಂಬ ಅಮೆರಿಕದ ಆನ್‌ಲೈನ್ ವಿಶ್ವವಿದ್ಯಾಲಯ ಬೋಧನಾ ಶುಲ್ಕ ಕೇಳುವುದಿಲ್ಲ, ಅರ್ಜಿ ಶುಲ್ಕ ಬಿಟ್ಟರೆ ಕೋರ್ಸಿಗೆ ಇಷ್ಟು ಎಂದು ಮೌಲ್ಯಮಾಪನದ ಶುಲ್ಕ. ಆದರೆ ಅಲ್ಲಿಯೂ ಕೆಲವು ಕೋರ್ಸುಗಳಿಗೆ ಕಾವಲಿನ ಪರೀಕ್ಷೆ ಇದೆ. ಸ್ಟಡಿ ಡಾಟ್ ಕಾಮ್ ತಾಣದ ಪಾಠಗಳು ಚೆನ್ನಾಗಿವೆ, ಆದರೆ ಕ್ರೆಡಿಟ್ (ಪದವಿಯ ಲೆಕ್ಕಕ್ಕೆ ಸೇರುವ ಓದಿನ ಅಳತೆ) ಬೇಕೆಂದರೆ ಅಂತಿಮ ಪರೀಕ್ಷೆಗೆ ಕ್ಯಾಮೆರಾ. ಸೇಲರ್ ಅಕಾಡೆಮಿ ಎಂಬ ಇನ್ನೊಂದು ತಾಣ ಬಹುತೇಕ ಉಚಿತ, ಕ್ರೆಡಿಟ್ ಪರೀಕ್ಷೆಗೆ ಅಲ್ಲೂ ಕ್ಯಾಮೆರಾ.

ಕೊನೆಗೆ ತಲೆಕೆಳಗಾಗಿ ಹುಡುಕಿದೆ. ಕೋರ್ಸು ಹುಡುಕುವುದನ್ನು ಬಿಟ್ಟು ಪದವಿ ಕೊಡುವ ವಿಶ್ವವಿದ್ಯಾಲಯವನ್ನು ಮೊದಲು ಆರಿಸಿಕೊಂಡೆ. ಅಮೆರಿಕದ ಶಿಕ್ಷಣ ಇಲಾಖೆಯ ಮಾನ್ಯತಾ ಪಟ್ಟಿಯಲ್ಲಿ ಹೆಸರಿರಬೇಕು, ಹೊರಗಿನ ಕ್ರೆಡಿಟ್‌ಗಳನ್ನು ಧಾರಾಳವಾಗಿ ಒಪ್ಪಬೇಕು, ಕೋರ್ಸಿಗೆ ಪರೀಕ್ಷೆಯ ಬದಲು ಪ್ರಬಂಧ ಮತ್ತು ಪ್ರಾಜೆಕ್ಟ್ ಇರಬೇಕು. ಈ ಜರಡಿಯಲ್ಲಿ ನನಗೆ ಉಳಿದದ್ದು ಅಮೆರಿಕದ ಮೈನ್ ರಾಜ್ಯದ ‘ಯೂನಿವರ್ಸಿಟಿ ಆಫ್ ಮೈನ್ ಅಟ್ ಪ್ರೆಸ್ಕ್ ಐಲ್’ನ ಯುವರ್‌ಪೇಸ್ ಯೋಜನೆ. 120 ಕ್ರೆಡಿಟ್‌ಗಳ ಪದವಿಗೆ 90ರವರೆಗೆ ಹೊರಗಿನಿಂದ ತರಬಹುದು, ಕಡೆಯ 30 ಅಲ್ಲಿಯೇ ಆಗಬೇಕು. ಎಂಟು ವಾರಗಳ ಒಂದು ಅವಧಿಗೆ ಒಂದೇ ಶುಲ್ಕ, ಅಷ್ಟರೊಳಗೆ ಎಷ್ಟು ಕೋರ್ಸು ಮುಗಿಸುತ್ತೀರೋ ನಿಮ್ಮ ಶಕ್ತಿ. ನಾನು ಸೇರಿದಾಗ ಸುಮಾರು 1,700 ಡಾಲರ್ ಇತ್ತು.

ಪ್ರವೇಶ ವಿಭಾಗಕ್ಕೆ ಮಿಂಚಂಚೆ ಬರೆಯುವಾಗ "ಪರೀಕ್ಷೆ ಇದೆಯೇ" ಎಂದು ಕೇಳಬೇಡಿ. "ಮನುಷ್ಯರಾಗಲಿ, ಕ್ಯಾಮೆರಾ ಆಗಲಿ, ತಂತ್ರಾಂಶವಾಗಲಿ ಕಾವಲು ಕಾಯುವ ಮೌಲ್ಯಮಾಪನ ಯಾವ ಕೋರ್ಸಿನಲ್ಲಿದೆ" ಎಂದು ಕೋರ್ಸಿನ ಹೆಸರು ಹಾಕಿ ಕೇಳಿ, ಉತ್ತರವನ್ನು ಉಳಿಸಿಕೊಳ್ಳಿ. ಫೋನಿನಲ್ಲಿ ಹೇಳಿದ ಮಾತಿಗೆ ಬೆಲೆಯಿಲ್ಲ.

ಹೊರಗಿನ 90ರಲ್ಲಿ ಬಹುಪಾಲು ಸೋಫಿಯಾ ಲರ್ನಿಂಗ್ ಎಂಬ ಅಮೆರಿಕದ ಆನ್‌ಲೈನ್ ಕೋರ್ಸುಗಳ ತಾಣದಿಂದ ಬಂತು. ನಾನು ಸೇರಿದಾಗ ತಿಂಗಳಿಗೆ 99 ಡಾಲರ್, ನಾಲ್ಕು ತಿಂಗಳಿಗೆ ಒಟ್ಟಿಗೆ ಕಟ್ಟಿದರೆ 299 ಇತ್ತು. ಒಮಾನಿ ರಿಯಾಲ್ ಲೆಕ್ಕದಲ್ಲಿ ಸುಮಾರು 38 ಮತ್ತು 115. ಏಕಕಾಲಕ್ಕೆ ಎರಡು ಕೋರ್ಸು, ಒಂದು ಮುಗಿದರೆ ಇನ್ನೊಂದು ತೆರೆಯುತ್ತದೆ. ಪರೀಕ್ಷೆಗೆ ಸಮಯದ ಮಿತಿ ಇದೆ, ಪುಸ್ತಕ ತೆರೆದಿಟ್ಟುಕೊಳ್ಳಬಹುದು, ಒಟ್ಟಾರೆ ಶೇ. 70 ಬಂದರೆ ಪಾಸು. ಅಮೆರಿಕನ್ ಕೌನ್ಸಿಲ್ ಆನ್ ಎಜುಕೇಶನ್ ಎಂಬ ಸಂಸ್ಥೆ ಇದಕ್ಕೆ ಕ್ರೆಡಿಟ್ ಶಿಫಾರಸು ಮಾಡುತ್ತದೆ. ಶಿಫಾರಸು ಅಷ್ಟೇ, ಒಪ್ಪುವುದು ಬಿಡುವುದು ವಿಶ್ವವಿದ್ಯಾಲಯದ ಕೈಯಲ್ಲಿದೆ. ಅದಕ್ಕೇ ಪದವಿಯನ್ನು ಮೊದಲು ಆರಿಸಿ ಎಂದದ್ದು. ನಿಮ್ಮ ದೇಶದಿಂದ ನೋಂದಣಿ ಸಿಗುತ್ತದೆಯೇ ಎಂದು ಹಣ ಕಟ್ಟುವ ಮೊದಲೇ ವಿಚಾರಿಸಿ. ಊರಿನ ಬ್ಯಾಂಕಿನ ಕಾರ್ಡಿನಿಂದ ಪ್ರತಿ ತಿಂಗಳ ಸ್ವಯಂಚಾಲಿತ ಪಾವತಿ ಹೋಗದೆ ನನ್ನ ತಲೆ ಕೆಟ್ಟಿತ್ತು. ಒಮಾನಿನ ಕಾರ್ಡು ಹಾಕಿದ ಮೇಲೆ ಸರಿಹೋಯಿತು.

ನಡುವೆ ಒಂದು ಪ್ರಯೋಗವನ್ನೂ ಮಾಡಿದೆ. ಕೋರ್ಸೆರಾ ತಾಣದಲ್ಲಿ ಗೂಗಲ್‌ನ ಐಟಿ ಸಪೋರ್ಟ್ ಪ್ರಮಾಣಪತ್ರ. ಆಗ ತಿಂಗಳಿಗೆ 49 ಡಾಲರ್ ಇತ್ತು, 12 ಕ್ರೆಡಿಟ್‌ವರೆಗೆ ಶಿಫಾರಸಿತ್ತು. ಲೆಕ್ಕಪತ್ರದವನಿಗೆ ಐಟಿ ಯಾಕೆ ಎಂದರು. ಐಚ್ಛಿಕ ವಿಷಯಗಳ ಗುಂಡಿ ತುಂಬಲು ಅಷ್ಟು ಸಾಕು. ಆಫೀಸಿನ ಪ್ರಿಂಟರ್ ಕೆಟ್ಟರೆ ಈಗ ನನ್ನನ್ನೇ ಕರೆಯುತ್ತಾರೆ, ಅದೊಂದು ಹೆಚ್ಚುವರಿ ಶಿಕ್ಷೆ.

ಅರ್ಧಕ್ಕೆ ಬಿಟ್ಟ ಬಿ.ಕಾಂ. ಅಂಕಗಳನ್ನು ವರ್ಗಾಯಿಸಲು ಮೌಲ್ಯಮಾಪನ ಸಂಸ್ಥೆಯ ಶುಲ್ಕ, ಮುಚ್ಚಿದ ಲಕೋಟೆ, ಕೊರಿಯರ್ ಎಂದೆಲ್ಲ ಲೆಕ್ಕ ಹಾಕಿ ಕೈಬಿಟ್ಟೆ. ಅಷ್ಟು ದುಡ್ಡಿಗೆ ಅದೇ ವಿಷಯಗಳನ್ನು ಹೊಸದಾಗಿ ಓದಿ ಮುಗಿಸಬಹುದಿತ್ತು, ಮುಗಿಸಿದೆ ಕೂಡ.

ಕಾವಲಿಲ್ಲ ಎಂದರೆ ಸುಲಭ ಎಂದು ತಿಳಿದವರು ಒಂದು ಪ್ರಬಂಧ ಬರೆದು ನೋಡಲಿ. ಮನುಷ್ಯರೇ ಓದಿ ಅಂಕ ಕೊಡುತ್ತಾರೆ, ಆಧಾರವಿಲ್ಲದ ವಾಕ್ಯವನ್ನು ಹಿಂದಕ್ಕೆ ಕಳುಹಿಸುತ್ತಾರೆ. ರಜೆಗೆ ಬಂದಿದ್ದಾಗ ಗುಬ್ಬಿಯಲ್ಲಿ ಕರೆಂಟು ಹೋದ ಮೇಲೆ ಮೊಬೈಲ್ ಹಾಟ್‌ಸ್ಪಾಟ್ ಹಿಡಿದು ಕುಳಿತು ಬರೆದದ್ದು ತಿಪಟೂರಿನ ಕೊಬ್ಬರಿ ಬೆಲೆಯ ಬಗ್ಗೆ. 2023ರಲ್ಲಿ ಉಂಡೆ ಕೊಬ್ಬರಿಗೆ ಬೆಂಬಲ ಬೆಲೆ ಕ್ವಿಂಟಲ್‌ಗೆ 11,750 ರೂಪಾಯಿ ಇದ್ದರೂ ಮಾರುಕಟ್ಟೆಯಲ್ಲಿ ಅದಕ್ಕಿಂತ ಎಷ್ಟೋ ಕೆಳಗೆ ಹರಾಜಾಗುತ್ತಿತ್ತು. ಖರೀದಿ ಕೇಂದ್ರ ತಡವಾಗಿ ತೆರೆದರೆ ಕೈಯಲ್ಲಿ ಕಾಸಿಲ್ಲದ ರೈತ ಯಾಕೆ ಕಾಯಲಾರ ಎಂಬುದೇ ನನ್ನ ವಾದ. ಮೈನ್‌ನಲ್ಲಿ ಕುಳಿತ ಪ್ರಾಧ್ಯಾಪಕರಿಗೆ ಕೊಬ್ಬರಿ ಎಂದರೇನೆಂದು ಎರಡು ಸಾಲಿನಲ್ಲಿ ವಿವರಿಸಬೇಕಾಯಿತು. ಅಂಕ ಮಾತ್ರ ಇಡೀ ಪದವಿಯಲ್ಲೇ ಅತಿ ಹೆಚ್ಚು. ಊರಿನ ವಿಷಯ ಬರೆಯಿರಿ. ಎಲ್ಲರೂ ಆಪಲ್, ಟೆಸ್ಲಾ ಎಂದು ಬರೆದು ಓದುವವರಿಗೂ ಬೇಸರ ತಂದಿರುತ್ತಾರೆ.

ಮೈನ್‌ನಲ್ಲೇ ಆಗಬೇಕಿದ್ದ 30 ಕ್ರೆಡಿಟ್‌ಗಳನ್ನು ಎರಡು ಅವಧಿಯಲ್ಲಿ ಮುಗಿಸಿದೆ. ಅವರ ನಡುರಾತ್ರಿಯ ಗಡುವು ನಮಗೆ ಮರುದಿನ ಬೆಳಿಗ್ಗೆ ಎಂಟು ಅಥವಾ ಒಂಬತ್ತು. ಶುಕ್ರವಾರ ಇಲ್ಲಿ ರಜೆ, ಆದ್ದರಿಂದ ಗುರುವಾರ ರಾತ್ರಿಯಿಡೀ ನನ್ನದೇ. ಯಾವ ಕೋರ್ಸಿನ ಬೆನ್ನಿಗೆ ಯಾವುದನ್ನು ತೆಗೆದುಕೊಂಡರೆ ಒಂದರ ಓದು ಇನ್ನೊಂದಕ್ಕೆ ಒದಗುತ್ತದೆ ಎಂಬ ಪಟ್ಟಿ ನನ್ನ ಬಳಿ ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಎದುರಿಗೆ ಬಂದು ಕೇಳಿದವರಿಗೆ ಹೇಳುತ್ತೇನೆ.

ಒಟ್ಟು ಖರ್ಚು ನೆನಪಿನ ಲೆಕ್ಕದಲ್ಲಿ 4,200 ಡಾಲರ್ ಆಸುಪಾಸು, ಅಂದರೆ ಆಗಿನ ದರದಲ್ಲಿ ಮೂರೂವರೆ ಲಕ್ಷ ರೂಪಾಯಿ. ರದ್ದಾದ ಆ ಪರೀಕ್ಷೆಯ ಹಣ ಇದರಲ್ಲಿ ಸೇರಿಲ್ಲ, ಅದನ್ನು ಲೆಕ್ಕಕ್ಕೆ ಹಿಡಿಯಲು ಈಗಲೂ ಮನಸ್ಸಿಲ್ಲ. ಹಿರಿಯ ಲೆಕ್ಕಿಗನ ಹುದ್ದೆ ಸಿಕ್ಕಿದ ಮೇಲೆ ಸಂಬಳದಲ್ಲಿ ಆದ ವ್ಯತ್ಯಾಸ ಒಂದು ವರ್ಷದೊಳಗೆ ಈ ಹಣವನ್ನು ತೀರಿಸುತ್ತದೆ.

ಊರಿಗೆ ಮರಳಿ ಸರ್ಕಾರಿ ನೌಕರಿಗೆ ಅರ್ಜಿ ಹಾಕುವ ಯೋಚನೆ ಇದ್ದವರು ಈ ದಾರಿಗೆ ಬರಬೇಡಿ. ವಿದೇಶಿ ಪದವಿಗೆ ಸಮಾನತೆಯ ಪತ್ರ ಬೇಕು, ಆನ್‌ಲೈನ್ ಪದವಿಗೆ ಅದನ್ನು ನೆಚ್ಚಿಕೊಳ್ಳುವಂತಿಲ್ಲ. ಖಾಸಗಿ ಕಂಪನಿಯಾದರೆ ಹಣ ಕಟ್ಟುವ ಮೊದಲೇ ಎಚ್‌ಆರ್ ವಿಭಾಗದಿಂದ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ. ಒಂದು ದೇಶದ ದಾಖಲೆಯನ್ನು ಒಂದೇ ಮುದ್ರೆಯ ಮೇಲೆ ಇನ್ನೊಂದು ದೇಶ ಒಪ್ಪುವ ಅಪೊಸ್ಟಿಲ್ ಒಪ್ಪಂದದಲ್ಲಿ ಒಮಾನ್ ಇರುವುದರಿಂದ ಮೈನ್ ರಾಜ್ಯದ ಮುದ್ರೆಯೊಂದೇ ನನಗೆ ಸಾಕಾಯಿತು. ದುಬೈಯಲ್ಲಿರುವವರಿಗೆ ಹಾಗಲ್ಲ, ರಾಯಭಾರ ಕಚೇರಿಯ ದೃಢೀಕರಣವೂ ಬೇಕು, ಅದರ ಖರ್ಚನ್ನು ಮೊದಲೇ ಸೇರಿಸಿಕೊಳ್ಳಿ.